ರಜೆ ಮುಗಿದರೂ ಕೆಲಸ ಕೈಗೆ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಬಹಳ ಕಾಲದ ನಂತರ ಎರಡು ವಾರ ರಜೆ ಹಾಕಿ ಮನೆಯವರೊಂದಿಗೆ ಪ್ರವಾಸ ಹೋಗಿದ್ದೆ. ದಿನಗಳು ಚೆನ್ನಾಗಿಯೇ ಕಳೆದವು. ಕೆಲಸಕ್ಕೆ ಮರಳಿ ಇಂದಿಗೆ ನಾಲ್ಕನೇ ದಿನ. ಕಂಪ್ಯೂಟರ್ ಮುಂದೆ ಕುಳಿತರೆ ಕೈ ಓಡುವುದಿಲ್ಲ. ಇಮೇಲ್‌ಗಳು ತುಂಬಿ ತುಳುಕುತ್ತಿವೆ. ಒಂದಕ್ಕೆ ಉತ್ತರ ಬರೆಯುವಷ್ಟರಲ್ಲಿ ನಾಲ್ಕು ಬಂದು ಬೀಳುತ್ತವೆ. ಮೊದಲ ಎರಡು ದಿನ ರಾತ್ರಿ ಒಂಬತ್ತರವರೆಗೂ ಕುಳಿತೆ, ಬಾಕಿ ಮಾತ್ರ ಕರಗಲಿಲ್ಲ. ರಾತ್ರಿ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ. ನನ್ನ ಕೆಲಸ ನೋಡಿಕೊಂಡಿದ್ದ ಸಹೋದ್ಯೋಗಿಯ ಮೇಲೆ ನಿನ್ನೆ ವಿನಾಕಾರಣ ರೇಗಿಬಿಟ್ಟೆ. ರಜೆ ಹಾಕಿದ್ದೇ ತಪ್ಪಾಯಿತೇನೋ ಎನಿಸುತ್ತಿದೆ. ಈ ಕೆಲಸವನ್ನೇ ಬಿಟ್ಟುಬಿಡಬೇಕು ಎಂಬ ಯೋಚನೆಯೂ ಪದೇ ಪದೇ ಬರುತ್ತಿದೆ. ನಾನು ಸೋಮಾರಿಯಾಗಿಬಿಟ್ಟೆನೇ? ಮುಂದೆ ಇಷ್ಟು ದೀರ್ಘ ರಜೆ ಹಾಕದಿರುವುದೇ ಮೇಲೇ?

ಉತ್ತರ: ಕೆಲಸ ಬಿಡುವ ಮಾತನ್ನು ಸ್ವಲ್ಪ ಪಕ್ಕಕ್ಕಿಡೋಣ. ಅದನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ನಿದ್ದೆಗೆಟ್ಟ ನಾಲ್ಕನೇ ದಿನ ಅಂಥ ತೀರ್ಮಾನಕ್ಕೆ ತಕ್ಕ ದಿನವಲ್ಲ. ಸೋಮಾರಿತನದ ಪ್ರಶ್ನೆಗೆ ಮಾತ್ರ ಈಗಲೇ ಉತ್ತರ ಹೇಳಬಹುದು: ಸೋಮಾರಿಗಳು ಮೊದಲ ದಿನವೇ ರಾತ್ರಿ ಒಂಬತ್ತರವರೆಗೆ ಕುಳಿತು ಬಾಕಿ ತೀರಿಸಲು ಹೊರಡುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಆ ಎರಡು ರಾತ್ರಿಗಳೇ.

ರಜೆ ಮುಗಿಸಿ ಬಂದವರು ಸಾಮಾನ್ಯವಾಗಿ ರಜೆಯನ್ನು ಸಾಲದಂತೆ ಕಾಣುತ್ತಾರೆ. ಎರಡು ವಾರ ಸಂಸ್ಥೆಯಿಂದ ಕೈಗಡ ಪಡೆದಂತೆ, ಬಂದ ಕೂಡಲೇ ಬಡ್ಡಿ ಸಮೇತ ತೀರಿಸಬೇಕೆಂದು ದುಡಿಯುತ್ತಾರೆ. ಲೆಕ್ಕಪತ್ರದವರಾದ ನಿಮಗೆ ಈ ಲೆಕ್ಕ ಎಲ್ಲಿ ತಪ್ಪಿದೆ ಎಂದು ಬಿಡಿಸಿ ಹೇಳಬೇಕಿಲ್ಲ: ರಜೆ ನಿಮ್ಮ ಸೇವೆಗೆ ಸಿಕ್ಕ ಪಾವತಿಯೇ ಹೊರತು ಮುಂಗಡವಲ್ಲ. ಈ ತಪ್ಪು ಲೆಕ್ಕಕ್ಕೆ ತೆರುವ ಬೆಲೆ ದೊಡ್ಡದು ಎಂಬುದನ್ನು ಅಧ್ಯಯನಗಳೂ ಹೇಳುತ್ತವೆ.

1997ರಲ್ಲಿ ಮಿನಾ ವೆಸ್ಟ್‌ಮನ್ ಮತ್ತು ಡೋವ್ ಈಡನ್ ಎಂಬ ಸಂಶೋಧಕರು 76 ಮಂದಿ ಗುಮಾಸ್ತರ ಮಾನಸಿಕ ದಣಿವನ್ನು ರಜೆಗೆ ಮೊದಲು, ರಜೆಯ ನಡುವೆ ಮತ್ತು ರಜೆಯ ನಂತರ ಅಳೆದು ನೋಡಿದರು. ರಜೆಯಲ್ಲಿ ದಣಿವು ಇಳಿಯಿತು. ಕೆಲಸಕ್ಕೆ ಮರಳಿದ ಮೂರೇ ದಿನಗಳಲ್ಲಿ ಅದು ಹಳೆಯ ಮಟ್ಟದತ್ತ ಒಂದಷ್ಟು ದೂರ ಏರಿಬಂದಿತ್ತು. ಮೂರು ವಾರ ಕಳೆಯುವುದರೊಳಗೆ ಪೂರ್ತಿ ಮೊದಲಿನಂತಾಗಿತ್ತು. ಯೆಸ್ಸಿಕಾ ಡೆ ಬ್ಲೂಮ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ, ದೀರ್ಘ ರಜೆ ಹಾಕಿದವರ ಮೇಲಿನ ಅಧ್ಯಯನ ಇನ್ನೂ ನಿರ್ದಯವಾಗಿದೆ: ರಜೆಯ ಲಾಭ ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಕರಗಿಹೋಯಿತು. ಹಾಗಾಗಿ ನಾಲ್ಕನೇ ದಿನಕ್ಕೇ ರಜೆ ಹಾಕಿದ್ದೇ ಸುಳ್ಳೆನಿಸುವುದು ನಿಮ್ಮೊಬ್ಬರ ಅನುಭವವಲ್ಲ.

ಇಷ್ಟು ಓದಿ ರಜೆಯೇ ವ್ಯರ್ಥ ಎಂದುಕೊಳ್ಳಬೇಡಿ. ಈ ಕರಗುವಿಕೆ ಎಲ್ಲರಲ್ಲೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಯಾನಾ ಕ್ಯೂನೆಲ್ ಮತ್ತು ಸಬೀನೆ ಸೊನೆಂಟಾಗ್ 2011ರಲ್ಲಿ ಶಿಕ್ಷಕರನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಂಗತಿಗಳು ಕಂಡುಬಂದವು. ಮರಳಿದ ಕೂಡಲೇ ಕೆಲಸದ ಒತ್ತಡ ಹೆಚ್ಚಿದ್ದವರಲ್ಲಿ ರಜೆಯ ಲಾಭ ಬೇಗ ಇಳಿಯಿತು. ಮರಳಿದ ಮೇಲೂ ಬಿಡುವಿನ ವೇಳೆಯಲ್ಲಿ ನಿರಾಳವಾಗಿದ್ದವರಲ್ಲಿ ನಿಧಾನವಾಗಿ ಇಳಿಯಿತು. ಈಗ ನಿಮ್ಮ ಮೊದಲ ಎರಡು ದಿನಗಳನ್ನು ನೆನಪಿಸಿಕೊಳ್ಳಿ. ಒತ್ತಡವನ್ನು ನೀವೇ ಹೆಚ್ಚಿಸಿಕೊಂಡಿರಿ, ಸಂಜೆಯನ್ನು ನೀವೇ ಬಿಟ್ಟುಕೊಟ್ಟಿರಿ. ಹೀಗೆ ಹೇಳುವಾಗ ನಿಮ್ಮನ್ನು ದೂರುವ ಉದ್ದೇಶ ನನಗಿಲ್ಲ. ಇವೆರಡೂ ಇನ್ನೂ ಸ್ವಲ್ಪ ಮಟ್ಟಿಗೆ ನಿಮ್ಮ ಕೈಯಲ್ಲೇ ಇವೆ ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಇನ್ನು ಕೈ ಓಡದಿರುವ ವಿಷಯ. ರಜೆಗೆ ಮೊದಲು ಯಾವ ಬಿಲ್ ಯಾರ ಸಹಿಗೆ ಕಾಯುತ್ತಿದೆ, ಯಾವ ವೋಚರಿನಲ್ಲಿ ಎಷ್ಟು ವ್ಯತ್ಯಾಸ ಬಂದಿದೆ, ಯಾರಿಗೆ ಏನು ಹೇಳಿ ಕಳಿಸಿದ್ದೆ ಎಂಬ ನೂರೆಂಟು ಎಳೆಗಳು ನಿಮ್ಮ ತಲೆಯಲ್ಲಿ ಜೀವಂತವಾಗಿದ್ದವು. ನಾವು ‘ಚುರುಕಾಗಿ ಕೆಲಸ ಮಾಡುತ್ತಾರೆ’ ಎನ್ನುವುದು ಬಹುಮಟ್ಟಿಗೆ ಈ ಎಳೆಗಳನ್ನು ಹಿಡಿದುಕೊಂಡಿರುವ ಶಕ್ತಿಯನ್ನೇ. ಎರಡು ವಾರದಲ್ಲಿ ಅವು ಸಡಿಲಗೊಂಡಿವೆ. ಸೊನೆಂಟಾಗ್ ಮತ್ತು ಷಾರ್ಲಟ್ ಫ್ರಿಟ್ಜ್ 2007ರಲ್ಲಿ ಕೆಲಸದ ದಣಿವಿನಿಂದ ಚೇತರಿಸಿಕೊಳ್ಳುವ ಅನುಭವಗಳನ್ನು ನಾಲ್ಕು ಬಗೆಯಾಗಿ ಗುರುತಿಸಿದ್ದರು: ಕೆಲಸದ ಯೋಚನೆಯಿಂದ ಮನಸ್ಸು ಕಳಚಿಕೊಳ್ಳುವುದು, ನಿರಾಳವಾಗುವುದು, ಹೊಸದೇನನ್ನಾದರೂ ಕಲಿಯುವುದು ಇಲ್ಲವೇ ಸಾಧಿಸುವುದು, ಮತ್ತು ತನ್ನ ಸಮಯ ತನ್ನ ಕೈಯಲ್ಲಿರುವುದು. ಎಳೆಗಳು ಸಡಿಲಗೊಂಡಿವೆ ಎಂದರೆ ಇವುಗಳಲ್ಲಿ ಮೊದಲನೆಯದು ನಿಮಗೆ ಚೆನ್ನಾಗಿಯೇ ದಕ್ಕಿದೆ ಎಂದರ್ಥ. ಮತ್ತೆ ಹೆಣೆದುಕೊಳ್ಳುವುದಕ್ಕೆ ಒಂದಷ್ಟು ದಿನ ಬೇಕು, ಮತ್ತು ಆ ಹೆಣೆಯುವಿಕೆಯೂ ಕೆಲಸವೇ. ಕಡತದಲ್ಲಿ ಕಾಣದ ಕೆಲಸವಾದ್ದರಿಂದ ನಾವು ಅದಕ್ಕೆ ಸಮಯ ಕೊಡುವುದಿಲ್ಲ, ಅಷ್ಟೇ.

ಈ ಹೆಣಿಗೆಯನ್ನು ನಿಮ್ಮ ಸಹೋದ್ಯೋಗಿಯಿಂದಲೇ ಶುರು ಮಾಡಿ. ನಾಳೆ ಬೆಳಿಗ್ಗೆ ಕಂಪ್ಯೂಟರ್ ತೆರೆಯುವ ಮೊದಲು ಅವರ ಬಳಿ ಹೋಗಿ ರೇಗಿದ್ದಕ್ಕೆ ಕ್ಷಮೆ ಕೇಳಿ. ನೆಪ ಹೇಳದೆ, ಒಂದೇ ಮಾತಿನಲ್ಲಿ. ಎರಡು ವಾರ ಅವರು ತಮ್ಮ ಹೊರೆಯ ಮೇಲೆ ನಿಮ್ಮದನ್ನೂ ಹೊತ್ತಿದ್ದಾರೆ. (ರಜೆಯಿಂದ ಮರಳಿದವರು ತಮ್ಮ ಬಾಕಿಯನ್ನು ಕಂಡು ಕಂಗಾಲಾಗುವುದರಲ್ಲಿ ಈ ಕಡೆಯವರ ದಣಿವನ್ನು ಗಮನಿಸುವುದೇ ಅಪರೂಪ. ಕಚೇರಿಗಳಲ್ಲಿ ಇದರಿಂದ ಹುಟ್ಟುವ ಮುನಿಸು ತಿಂಗಳುಗಟ್ಟಲೆ ಉಳಿಯುವುದನ್ನು ನೋಡಿದ್ದೇನೆ.) ಆಮೇಲೆ ಇಪ್ಪತ್ತು ನಿಮಿಷ ಕೇಳಿ ಪಡೆದು ಜೊತೆಗೆ ಕುಳಿತುಕೊಳ್ಳಿ. ನಾನು ಇಲ್ಲದಾಗ ಬದಲಾದದ್ದೇನು? ನನಗಾಗಿ ಕಾಯುತ್ತಾ ನಿಂತಿರುವುದು ಯಾವುದು? ಈ ವಾರದೊಳಗೆ ಮುಗಿಯಲೇಬೇಕಾದದ್ದು ಯಾವುದು? ಈ ಮೂರಕ್ಕೆ ಬಾಯಿಮಾತಿನಲ್ಲಿ ಸಿಗುವ ಉತ್ತರ ಇಮೇಲ್ ರಾಶಿಯನ್ನು ಇಡೀ ದಿನ ಕೆದಕಿದರೂ ಸಿಗುವುದಿಲ್ಲ.

ಈಗ ಆ ರಾಶಿಗೆ ಬರೋಣ. ಒಂದಕ್ಕೆ ಉತ್ತರಿಸುವಷ್ಟರಲ್ಲಿ ನಾಲ್ಕು ಬರುತ್ತವೆ ಎಂದು ಬರೆದಿದ್ದೀರಿ. ಆ ನಾಲ್ಕರಲ್ಲಿ ಕೆಲವನ್ನಾದರೂ ಕರೆಸಿಕೊಂಡವರು ನೀವೇ ಇರಬಹುದು. ಒಂದು ಉದಾಹರಣೆ ನೋಡಿ. ನೀವು ರಜೆಗೆ ಹೋದ ಮೂರನೇ ದಿನ ಸರಕು ಪೂರೈಸುವವರೊಬ್ಬರು ತಮ್ಮ ಬಿಲ್ಲಿನ ಹಣ ಬಂದಿಲ್ಲವೆಂದು ಬರೆದಿದ್ದಾರೆ. ಐದನೇ ದಿನ ಅವರದೇ ಜ್ಞಾಪನೆ ಬಂದಿದೆ. ಆರನೇ ದಿನ ನಿಮ್ಮ ಸಹೋದ್ಯೋಗಿ ಬಿಲ್ಲಿನ ಪ್ರತಿ ಕೇಳಿದ್ದಾರೆ. ಏಳನೇ ದಿನ ಪ್ರತಿ ಬಂದಿದೆ, ಒಂಬತ್ತನೇ ದಿನ ಹಣ ಸಂದಾಯವಾಗಿದೆ, ಹತ್ತನೇ ದಿನ ಧನ್ಯವಾದ ಹೇಳಿ ಅವರು ಸುಮ್ಮನಾಗಿದ್ದಾರೆ. ನೀವು ಹಳೆಯದರಿಂದ ಓದಲು ಹೊರಟವರು ಮೊದಲ ಪತ್ರ ತೆರೆದು, ಪಾಪ ಕಾಯುತ್ತಿದ್ದಾರೆ ಎಂದುಕೊಂಡು, ‘ದಯವಿಟ್ಟು ಬಿಲ್ಲಿನ ಪ್ರತಿ ಕಳಿಸಿ, ಪರಿಶೀಲಿಸುತ್ತೇನೆ’ ಎಂದು ಬರೆದು ಕಳಿಸುತ್ತೀರಿ. ಅವರಿಗೆ ಗಾಬರಿಯಾಗುತ್ತದೆ: ಸಂದಾಯವಾದ ಹಣದಲ್ಲೇನಾದರೂ ಎಡವಟ್ಟಾಯಿತೇ? ಅವರು ನಿಮಗೆ ಬರೆಯುತ್ತಾರೆ, ನಿಮ್ಮ ಸಹೋದ್ಯೋಗಿಗೂ ಬರೆಯುತ್ತಾರೆ. ಸಹೋದ್ಯೋಗಿ ನಿಮ್ಮನ್ನು ಕೇಳುತ್ತಾರೆ. ಮುಗಿದುಹೋಗಿದ್ದ ವಿಷಯಕ್ಕೆ ಮತ್ತೆ ಜೀವ ಬರುತ್ತದೆ, ಅದೂ ದಿನದ ಅತ್ಯಂತ ಒಳ್ಳೆಯ ಗಂಟೆಯಲ್ಲಿ.

ಅದಕ್ಕೇ ಮೊದಲ ಸುತ್ತಿನಲ್ಲಿ ಯಾರಿಗೂ ಉತ್ತರ ಬರೆಯಬೇಡಿ. ಒಂದೇ ವಿಷಯದ ಪತ್ರಗಳು ಒಟ್ಟಿಗೆ ಕಾಣುವಂತೆ ಜೋಡಿಸಿಕೊಂಡು, ಪ್ರತಿ ಗುಂಪಿನಲ್ಲೂ ಕೊನೆಯದನ್ನು ಮಾತ್ರ ಓದಿ. ಯಂತ್ರ ತಾನಾಗಿ ಕಳಿಸಿದ ಸೂಚನೆಗಳನ್ನೂ ಸುತ್ತೋಲೆ, ಜಾಹೀರಾತುಗಳನ್ನೂ ಕಳಿಸಿದವರ ಹೆಸರಿನ ಪ್ರಕಾರ ವಿಂಗಡಿಸಿ ಒಟ್ಟಿಗೆ ಅಳಿಸಿ. ನಿಮ್ಮ ಗಮನಕ್ಕೆಂದಷ್ಟೇ ಪ್ರತಿ ಕಳಿಸಿದವುಗಳ ಮೇಲೆ ಕಣ್ಣಾಡಿಸಿದರೆ ಸಾಕು. ಉಳಿದವನ್ನು ಒಂದು ಕಾಗದದ ಮೇಲೆ ವಿಷಯವಾರು ಬರೆಯಿರಿ. ಒಂದು ಇಮೇಲಿಗೆ ಒಂದು ಸಾಲು ಬೇಡ, ಒಂದು ವಿಷಯಕ್ಕೆ ಒಂದು ಸಾಲು. ನೂರಾರು ಪತ್ರಗಳೆಂದು ಹೆದರಿಸಿದ್ದು ಹೆಚ್ಚಾಗಿ ಒಂದೆರಡು ಪುಟದಲ್ಲಿ ಮುಗಿಯುತ್ತದೆ. ಅನಂತರ ರಜೆಯ ಅವಧಿಯ ಪತ್ರಗಳನ್ನೆಲ್ಲ ಬೇರೊಂದು ಫೋಲ್ಡರಿಗೆ ಸಾಗಿಸಿಬಿಡಿ. ಅವು ಎಲ್ಲಿಗೂ ಹೋಗುವುದಿಲ್ಲ, ಹುಡುಕಿದರೆ ಸಿಗುತ್ತವೆ. ಕಣ್ಣಿಗೆ ಬೀಳುವ ಪಟ್ಟಿಯಲ್ಲಿ ಮಾತ್ರ ಇಂದಿನವಷ್ಟೇ ಉಳಿಯುತ್ತವೆ. ಏನಾದರೂ ತಪ್ಪಿಹೋದರೆ? ನಿಜಕ್ಕೂ ಬೇಕಾದವರು ಮತ್ತೆ ಕೇಳುತ್ತಾರೆ. ಜರ್ಮನಿಯ ವಾಹನ ತಯಾರಕ ಸಂಸ್ಥೆ ಡೈಮ್ಲರ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದು 2014ರಲ್ಲಿ ಸುದ್ದಿಯಾಗಿತ್ತು. ಅಲ್ಲಿನ ನೌಕರರು ಬಯಸಿದರೆ ರಜೆಯಲ್ಲಿರುವಾಗ ಬರುವ ಇಮೇಲ್‌ಗಳು ತಾವಾಗಿ ಅಳಿಸಿಹೋಗುವ ವ್ಯವಸ್ಥೆ ಮಾಡಿಕೊಳ್ಳಬಹುದಿತ್ತು. ಕಳಿಸಿದವರಿಗೆ ಆ ಸಂಗತಿಯನ್ನೂ ತುರ್ತಿದ್ದರೆ ಯಾರನ್ನು ಸಂಪರ್ಕಿಸಬೇಕೆಂಬುದನ್ನೂ ತಿಳಿಸಲಾಗುತ್ತಿತ್ತು. ನಿಮ್ಮ ವಿಭಾಗದಲ್ಲಿ ಅಷ್ಟು ಧೈರ್ಯ ಸಾಧ್ಯವಾಗಲಿಕ್ಕಿಲ್ಲ. ಆದರೆ ರಜೆಯಲ್ಲಿ ಬಂದದ್ದೆಲ್ಲವೂ ನಿಮಗಾಗಿಯೇ ಕಾದಿದೆ ಎಂಬ ಭ್ರಮೆಯನ್ನಂತೂ ಬಿಡಬಹುದು.

ಪಟ್ಟಿ ಸಿದ್ಧವಾದ ಮೇಲೆ ಮೇಲಧಿಕಾರಿಗೆ ಎರಡು ಸಾಲು ಬರೆಯಿರಿ. ‘ಬಾಕಿ ಇರುವುದನ್ನು ನೋಡಿದ್ದೇನೆ. ಈ ಮೂರನ್ನು ಈ ವಾರದೊಳಗೆ, ಈ ಎರಡನ್ನು ಮುಂದಿನ ಬುಧವಾರದೊಳಗೆ ಮುಗಿಸುತ್ತೇನೆ. ಆದ್ಯತೆ ಬೇರೆಯಿದ್ದರೆ ತಿಳಿಸಿ.’ ಇಷ್ಟೇ. ತಡವಾಗುವುದಕ್ಕಿಂತ ಎಷ್ಟು ತಡ ಎಂದು ಗೊತ್ತಿಲ್ಲದಿರುವುದೇ ಅಧಿಕಾರಿಗಳನ್ನು ಹೆಚ್ಚು ಕಾಡುತ್ತದೆ. ಈ ಎರಡು ಸಾಲು ನಿಮಗೂ ಒಂದು ಗಡಿ ಹಾಕಿಕೊಡುತ್ತವೆ.

ಅತಿ ಕಷ್ಟದ ಕೆಲಸವನ್ನೇ ಮೊದಲು ಮುಗಿಸಿ ಎನ್ನುವ ಸಲಹೆಯನ್ನು ನೀವು ಕೇಳಿರುತ್ತೀರಿ. ಮಾಮೂಲು ದಿನಗಳಿಗೆ ಅದು ಇರಲಿ. ರಜೆ ಮುಗಿಸಿ ಬಂದವರಿಗೆ ನಾನು ಹೇಳುವುದಿಲ್ಲ. ಮೊದಲು ಚಿಕ್ಕದೊಂದನ್ನು, ಮುಗಿಯಿತೆಂದು ಕಣ್ಣಿಗೆ ಕಾಣುವಂಥದ್ದನ್ನು ಎತ್ತಿಕೊಳ್ಳಿ. ಒಂದು ಖಾತೆಯನ್ನು ಬ್ಯಾಂಕಿನ ವಿವರಪಟ್ಟಿಯೊಂದಿಗೆ ತಾಳೆ ನೋಡುವುದು ಅಂಥ ಕೆಲಸ: ಸಾಲು ಸಾಲಾಗಿ ಗುರುತು ಹಾಕುತ್ತಾ ಹೋದರೆ ಕೊನೆಯ ಮೊತ್ತ ಕೂಡಿಬರುತ್ತದೆ, ಇಲ್ಲವೇ ಎಲ್ಲಿ ಕೂಡಿಬರುತ್ತಿಲ್ಲ ಎಂದು ಗೊತ್ತಾಗುತ್ತದೆ. ಅದು ಮುಗಿಯುವವರೆಗೆ ಇನ್ನೊಂದಕ್ಕೆ ಕೈ ಹಾಕಬೇಡಿ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಹತ್ತು ಕಡತ ತೆರೆದಿಟ್ಟುಕೊಂಡು ಸಂಜೆಯಾದಾಗ ಒಂದೂ ಮುಗಿದಿರುವುದಿಲ್ಲವಲ್ಲ, ಅದರ ಹಿಂದೆ ಇರುವುದು ಇದೇ.

ಹಿಂತೆಗೆದುಕೊಳ್ಳಲಾಗದ ಕೆಲಸಗಳಲ್ಲಿ, ಅಂದರೆ ದೊಡ್ಡ ಮೊತ್ತದ ಪಾವತಿ ಮತ್ತು ಅಂತಿಮ ಅನುಮೋದನೆಗಳಲ್ಲಿ, ಈ ವಾರ ಇನ್ನೊಬ್ಬರ ಕಣ್ಣೂ ಬೀಳಲಿ. ವಾಹನ ಓಡಿಸುವವರಿಗೆ, ಯಂತ್ರದ ಮುಂದೆ ನಿಲ್ಲುವವರಿಗೆ, ಆಸ್ಪತ್ರೆಯಲ್ಲಿ ಪಾಳಿ ಮಾಡುವವರಿಗೆ ಇದು ಇನ್ನೂ ಮುಖ್ಯ. ಅವರಿಗೆ ಇಮೇಲ್ ರಾಶಿಯ ಕಾಟ ಕಡಿಮೆಯಿರಬಹುದು, ಆದರೆ ಮೈಮರೆತ ಒಂದು ಕ್ಷಣದ ಬೆಲೆ ಹೆಚ್ಚು. ತಾವಿಲ್ಲದಾಗ ಯಾವ ವಿಧಾನ ಬದಲಾಗಿದೆ ಎಂದು ಕೇಳಿ ತಿಳಿದೇ ಅವರು ಕೆಲಸಕ್ಕಿಳಿಯಬೇಕು.

ನಿದ್ದೆಯದು ಬೇರೆಯದೇ ಕಥೆ. ನಮ್ಮ ದೇಹದ ಒಳಗಡಿಯಾರದ ಒಂದು ದಿನ ಸರಾಸರಿಯಲ್ಲಿ 24 ಗಂಟೆಗಿಂತ ಕೊಂಚ ಉದ್ದ. ಆದ್ದರಿಂದ ತಡವಾಗಿ ಮಲಗುವ ಅಭ್ಯಾಸಕ್ಕೆ ಜಾರುವುದು ಬಹುಪಾಲು ಜನರಿಗೆ ಸಲೀಸು, ಮತ್ತೆ ಬೇಗ ಮಲಗುವುದಕ್ಕೆ ಬರುವುದು ಕಷ್ಟ. ರಜೆಯಲ್ಲಿ ದಿನವೂ ಎರಡು ಗಂಟೆ ತಡವಾಗಿ ಎದ್ದವರಿಗೆ ಕೆಲಸದ ಮೊದಲ ಬೆಳಿಗ್ಗೆ ಎರಡು ಕಾಲವಲಯ ದಾಟಿ ಬಂದಂತಿರುತ್ತದೆ, ಮನೆ ಬಿಟ್ಟು ಕದಲಿರದಿದ್ದರೂ ಸರಿ. ಬೇಗ ಹಾಸಿಗೆ ಸೇರಿ ನಿದ್ದೆಗಾಗಿ ಹೊರಳಾಡುವುದರಿಂದ ಉಪಯೋಗವಿಲ್ಲ. ಬೆಳಿಗ್ಗೆ ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ, ಎದ್ದ ಮೇಲೆ ಅರ್ಧ ಗಂಟೆ ಹಗಲಿನ ಬೆಳಕಿನಲ್ಲಿರಿ. ಗಡಿಯಾರವನ್ನು ಹಿಂದಕ್ಕೆ ಎಳೆದು ತರುವುದು ಮುಖ್ಯವಾಗಿ ಆ ಬೆಳಕೇ. ಮಧ್ಯಾಹ್ನ ಕಣ್ಣೆಳೆಯಿತೆಂದು ಕಾಫಿಯ ಮೇಲೆ ಕಾಫಿ ಕುಡಿಯುತ್ತಿದ್ದರೆ ಅದನ್ನು ನಿಲ್ಲಿಸಿ. ಕುಡಿದ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ವಾರದ ಕೊನೆಯ ರಜಾದಿನಗಳಲ್ಲಿ ಮತ್ತೆ ತಡವಾಗಿ ಏಳುವ ಆಸೆಯಾಗುತ್ತದೆ. ಈ ಬಾರಿಯ ಮಟ್ಟಿಗೆ ಅದನ್ನು ಗೆಲ್ಲಿ.

ನಿದ್ದೆ ಕೆಡಿಸುವ ಇನ್ನೊಂದು ಸಂಗತಿ ನಿಮ್ಮ ಮೇಜಿನಿಂದಲೇ ನಿಮ್ಮೊಂದಿಗೆ ಮನೆಗೆ ಬರುತ್ತದೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಕೊರೆಯುತ್ತದೆ, ಇದು ಎಲ್ಲರೂ ಬಲ್ಲದ್ದು. ಅದನ್ನು ಕೊರೆಯದಂತೆ ಮಾಡಲು ಮುಗಿಸಲೇಬೇಕಿಲ್ಲ ಎಂಬುದನ್ನು ಮಾತ್ರ ಎಲ್ಲರೂ ಬಲ್ಲವರಲ್ಲ. ಮಾಸಿಕಾಂಪೋ ಮತ್ತು ರಾಯ್ ಬಾಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಾಕಿ ಕೆಲಸವನ್ನು ಯಾವಾಗ ಹೇಗೆ ಮಾಡುವುದೆಂಬ ಸ್ಪಷ್ಟ ಯೋಜನೆ ಹಾಕಿಕೊಂಡವರಲ್ಲಿ ಅದರ ಕಾಟ ನಿಂತುಹೋಗಿತ್ತು, ಕೆಲಸ ಇನ್ನೂ ಬಾಕಿಯಿದ್ದರೂ. ಹಾಗಾಗಿ ಸಂಜೆ ಮೇಜಿನಿಂದ ಏಳುವ ಮೊದಲು ಹತ್ತು ನಿಮಿಷ ತೆಗೆದಿಟ್ಟು ಎಲ್ಲಿಗೆ ನಿಲ್ಲಿಸಿದಿರಿ ಎಂದು ಬರೆಯಿರಿ. ‘ಬಿಲ್ಲುಗಳನ್ನು ನೋಡುವುದಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಪಟ್ಟಿಯಲ್ಲಿ 14ನೇ ಸಾಲಿನವರೆಗೆ ತಾಳೆ ನೋಡಿದೆ. 15ರಲ್ಲಿ ತೆರಿಗೆಯ ಮೊತ್ತ ಬಿಲ್ಲಿನಲ್ಲಿರುವುದಕ್ಕಿಂತ ಹೆಚ್ಚು ಬಂದಿದೆ. ನಾಳೆ ಬೆಳಿಗ್ಗೆ ಮೊದಲು ಮೂಲ ಬಿಲ್ ತರಿಸಿ ನೋಡುವುದು.’ ಹೀಗಿರಬೇಕು. ಮರುದಿನ ಬೆಳಿಗ್ಗೆ ಕೈ ಓಡದೆ ಕೂರುವ ಅರ್ಧ ಗಂಟೆಯನ್ನೂ ಇದೇ ಚೀಟಿ ಉಳಿಸುತ್ತದೆ.

ಬರೆದಿಟ್ಟು ಹೊತ್ತಿಗೆ ಸರಿಯಾಗಿ ಮನೆಗೆ ಹೊರಡಿ. ಸಂಜೆಗಳ ವಿಷಯದಲ್ಲಿ ನಾನು ಹಟ ಹಿಡಿಯುವವನು, ಕಾರಣವನ್ನು ಆಗಲೇ ಹೇಳಿದ್ದೇನೆ. ರಜೆಯಲ್ಲಿ ನಿಮಗೆ ಹಿತವೆನಿಸಿದ್ದು ಯಾವುದೆಂದು ಕೇಳಿಕೊಳ್ಳಿ. ಅದು ಊರೂ ಅಲ್ಲದಿರಬಹುದು, ಕೋಣೆಯ ಕಿಟಕಿಯ ನೋಟವೂ ಅಲ್ಲದಿರಬಹುದು. ಫೋನು ಜೇಬಿನಲ್ಲಿಲ್ಲದೆ ನಡೆದಾಡಿದ್ದೋ, ಮನೆಯವರೊಂದಿಗೆ ಅವಸರವಿಲ್ಲದೆ ಕುಳಿತು ಉಂಡದ್ದೋ, ಯಾರೂ ಕರೆಯದ ಒಂದು ಗಂಟೆ ಸಿಕ್ಕಿದ್ದೋ ಇರಬಹುದು. ಅವುಗಳಲ್ಲೊಂದು ಅರ್ಧ ಗಂಟೆಯ ಮಟ್ಟಿಗಾದರೂ ಮನೆಯಲ್ಲೂ ಆಗುವಂಥದ್ದೇ ಆಗಿರುತ್ತದೆ. ರಜೆಯ ಫೋಟೊಗಳನ್ನು ಮತ್ತೆ ಮತ್ತೆ ನೋಡುತ್ತಾ ಕೂರುವುದರಿಂದ ಈ ಕೆಲಸ ಆಗುವುದಿಲ್ಲ. ಕೆಲವರಿಗೆ ಅದು ಕೊರಗನ್ನೇ ಹೆಚ್ಚಿಸುತ್ತದೆ. ಇನ್ನೊಂದು ಮಾತು. ಪ್ರವಾಸದಿಂದ ಬಂದ ಮನೆಗೂ ತನ್ನದೇ ಬಾಕಿಯಿರುತ್ತದೆ: ಬಿಚ್ಚದ ಬ್ಯಾಗು, ಒಗೆಯದ ಬಟ್ಟೆ, ಖಾಲಿಯಾದ ಡಬ್ಬಗಳು. ಇದೆಲ್ಲ ಒಬ್ಬರ ತಲೆಗೇ ಬೀಳುತ್ತಿದ್ದರೆ ಕಚೇರಿಯಿಂದ ಹೊತ್ತಿಗೆ ಸರಿಯಾಗಿ ಹೊರಟೂ ಪ್ರಯೋಜನವಿಲ್ಲ. ರಜೆಯನ್ನು ಹಂಚಿಕೊಂಡವರೆಲ್ಲ ಇದನ್ನೂ ಹಂಚಿಕೊಳ್ಳಲಿ.

ಈಗ ರಜೆ ಹಾಕಿದ್ದೇ ತಪ್ಪಾಯಿತೇ ಎಂಬ ನಿಮ್ಮ ಅಳುಕಿನ ಬಗ್ಗೆ. ಸಂಬಳ ಸಹಿತ ರಜೆಯನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ ಒಡಂಬಡಿಕೆ ವರ್ಷಕ್ಕೆ ಕನಿಷ್ಠ ಮೂರು ವಾರ ರಜೆ ಇರಬೇಕೆನ್ನುತ್ತದೆ. ಅದನ್ನು ತುಂಡು ಮಾಡಿ ಕೊಟ್ಟರೂ ಸಾಮಾನ್ಯವಾಗಿ ಒಂದು ಭಾಗವಾದರೂ ಎಡೆಬಿಡದ ಎರಡು ವಾರ ಇರಬೇಕೆನ್ನುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಆ ಮಾತು ಬೇರೆ. ನೀವು ಹಾಕಿದ ಎರಡು ವಾರ ದುಂದಲ್ಲ ಎಂಬುದಕ್ಕೆ ಮಾತ್ರ ಇಷ್ಟು ಸಾಕು. ನಿಮ್ಮ ವೃತ್ತಿಯಲ್ಲಂತೂ ಇದಕ್ಕೆ ಇನ್ನೂ ಒಳ್ಳೆಯ ಸಮರ್ಥನೆಯಿದೆ. ಹಣ ನಿರ್ವಹಿಸುವ ಹುದ್ದೆಯವರು ವರ್ಷಕ್ಕೊಮ್ಮೆ ಕೆಲವು ದಿನ ಸತತವಾಗಿ ರಜೆಯ ಮೇಲೆ ಹೋಗಲೇಬೇಕೆಂಬ ನಿಯಮ ಹಲವು ಬ್ಯಾಂಕುಗಳಲ್ಲಿದೆ. ಅವರ ಆರೋಗ್ಯದ ಕಾಳಜಿಯಿಂದ ಹುಟ್ಟಿದ ನಿಯಮವಲ್ಲ ಅದು. ಬೇರೆಯವರು ಅದೇ ಪುಸ್ತಕ ತೆರೆದು ಅದೇ ಕೆಲಸ ಮಾಡಿದಾಗ ತಪ್ಪುಗಳೂ ವಂಚನೆಗಳೂ ಹೊರಬೀಳುತ್ತವೆ ಎಂಬ ಕಾರಣಕ್ಕೆ. ಅಂದರೆ ನೀವು ಎರಡು ವಾರ ಇಲ್ಲದಿರುವುದು ವಿಭಾಗಕ್ಕೂ ಒಳ್ಳೆಯದೇ. ಒಬ್ಬರು ಇಲ್ಲದಿದ್ದರೆ ಎಲ್ಲವೂ ನಿಂತುಹೋಗುತ್ತದೆ ಎಂದಾದರೆ ಆ ಕೊರತೆ ವ್ಯವಸ್ಥೆಯದು. ಅದನ್ನು ನಿಮ್ಮ ಸಂಜೆಗಳಿಂದ ತುಂಬಿಕೊಡುವುದು ಪರಿಹಾರವಾಗದು.

ಕೆಲಸ ಬಿಡುವ ಯೋಚನೆಯನ್ನು ಈಗ ತೆಗೆದುಕೊಳ್ಳೋಣ. ಮರಳಿದ ಮೊದಲ ವಾರದಲ್ಲಿ ಈ ಯೋಚನೆ ಬಾರದವರೇ ಕಡಿಮೆ. ಆದರೆ ಎಲ್ಲರದೂ ಬರೀ ಹೊಯ್ದಾಟವೇ ಆಗಿರುವುದಿಲ್ಲ. ದೂರ ನಿಂತು ಬಂದವರಿಗೆ ದಿನವೂ ಹತ್ತಿರದಲ್ಲಿದ್ದವರಿಗೆ ಕಾಣದ್ದು ಕಾಣುವುದುಂಟು. ಎರಡನ್ನೂ ಬೇರೆ ಮಾಡಿ ನೋಡಲು ಒಂದು ಚಿಕ್ಕ ದಾಖಲೆ ಇಡಿ. ಮೂರು ವಾರ, ಬೇಡವೆನಿಸಿದ ಪ್ರತಿ ಬಾರಿ, ಯಾವಾಗ ಯಾಕೆ ಎಂದು ಒಂದು ಸಾಲು ಬರೆದಿಡಿ. ಯಾರ ಫೋನು ಬಂದಾಗ? ಯಾವ ಸಭೆಗೆ ಮುನ್ನ? ಯಾವ ಕಡತ ತೆರೆದಾಗ? ಮೊದಲ ವಾರ ‘ಎಲ್ಲವೂ’ ಎಂದು ಬರೆದು, ನಿದ್ದೆ ಸರಿಹೋದಂತೆ ಸಾಲುಗಳು ಕಡಿಮೆಯಾಗುತ್ತಾ ಬಂದರೆ ಅದು ಮರಳುವಿಕೆಯ ದಣಿವು. ಮೂರನೇ ವಾರದಲ್ಲೂ ಅದೇ ಒಬ್ಬ ವ್ಯಕ್ತಿ, ಅದೇ ಒಂದು ಕೆಲಸ ಮತ್ತೆ ಮತ್ತೆ ಬಂದರೆ ಸಮಸ್ಯೆಗೆ ಹೆಸರು ಸಿಕ್ಕಿದಂತಾಯಿತು. ಆಗ ಬಿಡುವ ಮೊದಲು ಬದಲಾಯಿಸಬಹುದೇ ಎಂದು ಕೇಳಬಹುದು.

ಇವೆರಡಕ್ಕೂ ಸೇರದ ಇನ್ನೊಂದು ಬಗೆಯಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ‘ಬರ್ನ್‌ಔಟ್’ ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು, ರೋಗವೆಂದು ಕರೆಯಲಿಲ್ಲ. ನಿಭಾಯಿಸಲಾಗದೆ ಬಹುಕಾಲ ಉಳಿದ ಕೆಲಸದ ಒತ್ತಡದಿಂದ ಬರುವ ಅದರ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬಸಿದುಹೋದ ಭಾವ, ಕೆಲಸದ ಬಗ್ಗೆ ತಾತ್ಸಾರ ಅಥವಾ ಅದರಿಂದ ಮಾನಸಿಕ ದೂರ, ಮತ್ತು ಮಾಡಿದ್ದು ಫಲಿಸುತ್ತಿಲ್ಲವೆಂಬ ಅನಿಸಿಕೆ. ಇವು ರಜೆಗೆ ಮೊದಲೇ ನಿಮ್ಮಲ್ಲಿದ್ದವೇ ಎಂದು ನೋಡಿಕೊಳ್ಳಿ. ಇದ್ದಿದ್ದರೆ ಎರಡು ವಾರದ ಪ್ರವಾಸದಿಂದ ಅದು ಗುಣವಾಗಬೇಕಿತ್ತೆಂದು ನಿರೀಕ್ಷಿಸಬೇಡಿ, ಕೆಲಸದ ಹೊರೆಯ ಬಗ್ಗೆಯೇ ಮಾತಾಡಬೇಕಾಗುತ್ತದೆ. ಮನೆಯಲ್ಲೂ ಯಾವುದರಲ್ಲೂ ಆಸಕ್ತಿಯಿಲ್ಲದೆ, ಊಟ ನಿದ್ದೆ ಕೆಟ್ಟು, ಮಂಕುತನ ಎರಡು ವಾರಕ್ಕೂ ಮೀರಿ ಹೆಚ್ಚು ಕಡಿಮೆ ದಿನವಿಡೀ ಉಳಿದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯದೆ ಕಾಣಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಇದನ್ನು ಓದುವ ಇತರರಿಗಾಗಿಯೂ ಬರೆಯುತ್ತಿದ್ದೇನೆ.

ಕೊನೆಯದಾಗಿ, ಮುಂದೆ ದೀರ್ಘ ರಜೆ ಬೇಡವೇ ಎಂದು ಕೇಳಿದ್ದೀರಿ. ಬೇಕು. ಆದರೆ ವರ್ಷದ ರಜೆಯನ್ನೆಲ್ಲ ಕೂಡಿಟ್ಟು ಒಂದೇ ಬಾರಿಗೆ ಖರ್ಚು ಮಾಡಬೇಡಿ. ಆಗಲೇ ಹೇಳಿದ ಡೆ ಬ್ಲೂಮ್ ಅವರ ಅಧ್ಯಯನದಲ್ಲಿ ರಜೆಯ ಹಿತ ಎಂಟನೇ ದಿನದ ಹೊತ್ತಿಗೆ ಶಿಖರ ಮುಟ್ಟಿತ್ತು. ಒಂದು ವಾರಕ್ಕೇ ಮರಳುವವರು ಅದು ಏರುತ್ತಿರುವಾಗಲೇ ಹೊರಟುಬಿಡುತ್ತಾರೆ. ಇನ್ನೊಂದು ಕಡೆ, ಎಷ್ಟೇ ಉದ್ದದ ರಜೆಯಾದರೂ ಲಾಭ ಬೇಗ ಕರಗುವುದರಿಂದ ಆಗಾಗ ಸಿಗುವ ಬಿಡುವಿಗೂ ಬೆಲೆಯಿದೆ. ವರ್ಷಕ್ಕೊಂದು ಎರಡು ವಾರದ ರಜೆ, ನಡುನಡುವೆ ಮೂರು ನಾಲ್ಕು ದಿನದ ಕೆಲವು. ಸಾಧ್ಯವಿದ್ದವರಿಗೆ ನಾನು ಹೇಳುವುದು ಇದನ್ನೇ. ಮುಂದಿನ ಚಿಕ್ಕ ರಜೆಯ ದಿನಾಂಕವನ್ನು ಈಗಲೇ ಗುರುತು ಹಾಕಿಕೊಳ್ಳಿ. ಪ್ರವಾಸಕ್ಕೆ ಹೋಗಲಿರುವವರು, ಬಹುಶಃ ಅದನ್ನು ಎದುರುನೋಡುವುದರಿಂದಲೇ, ಹೋಗದವರಿಗಿಂತ ಮುಂಚಿತವಾಗಿಯೇ ಹೆಚ್ಚು ಸಂತೋಷವಾಗಿರುತ್ತಾರೆಂದು 2010ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದು ಹೇಳಿತ್ತು.

ಹೊರಡುವ ಮುನ್ನವೇ ಮರಳುವ ಸಿದ್ಧತೆ ಮಾಡಿಕೊಳ್ಳಿ. ವಾರದ ನಡುವೆ, ಬುಧವಾರವೋ ಗುರುವಾರವೋ, ಕೆಲಸಕ್ಕೆ ಹಾಜರಾಗುವಂತೆ ದಿನ ಹೊಂದಿಸಿದರೆ ಮೊದಲ ವಾರ ತಾನಾಗಿ ಚಿಕ್ಕದಾಗುತ್ತದೆ. ಪ್ರವಾಸದಿಂದ ಮನೆಗೆ ಒಂದು ದಿನ ಮುಂಚೆಯೇ ಬನ್ನಿ. ಮರಳಿದ ದಿನಕ್ಕೆ ಯಾರೂ ಸಭೆ ಇಡದಂತೆ ನಿಮ್ಮ ಕ್ಯಾಲೆಂಡರಿನಲ್ಲಿ ಆ ದಿನವನ್ನು ಮೊದಲೇ ಕಾಯ್ದಿರಿಸಿ. ಸಂಜೆಗಳಿಗಾಗಿ ಹೇಳಿದ ಚೀಟಿಯನ್ನೇ ಕೊನೆಯ ದಿನ ತುಸು ಉದ್ದವಾಗಿ ಬರೆದು, ಒಂದು ಪ್ರತಿಯನ್ನು ಸಹೋದ್ಯೋಗಿಗೆ ಕೊಟ್ಟು, ಇನ್ನೊಂದನ್ನು ಮೇಜಿನಲ್ಲಿಡಿ. ರಜೆಯಲ್ಲಿದ್ದೇನೆಂದು ತಾನಾಗಿ ಹೋಗುವ ಉತ್ತರದಲ್ಲಿ ಮರಳುವ ದಿನಾಂಕವನ್ನು ಒಂದು ದಿನ ಮುಂದಕ್ಕೆ ಹಾಕುವುದೂ ಒಳ್ಳೆಯದು. ಅದು ಸುಳ್ಳಾಗುವುದಿಲ್ಲವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಹಾಗೆ ಅಳುಕುವವರು ನಿಜವನ್ನೇ ಬರೆಯಬಹುದು: ‘ಬುಧವಾರ ಕೆಲಸಕ್ಕೆ ಮರಳುತ್ತೇನೆ, ಗುರುವಾರದಿಂದ ಉತ್ತರಿಸುತ್ತೇನೆ.’